ಕರೆದರೆ ಮಾತ್ರ ಬರುವವರು

ಹುಣಸೆ ಬೀಜದ ಗಂಟು

ಅಮೆರಿಕದಲ್ಲಿ ನನ್ನನ್ನು ಮೊದಲು ಅಡ್ಡಗಟ್ಟಿದ್ದು ಹುಣಸೆ ಬೀಜ. ಕಂಬಳಿ ನೇಯುವ ಮುಂಚೆ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಬೇಕು, ಇಲ್ಲದಿದ್ದರೆ ನೂಲು ಮಗ್ಗದ ಮೇಲೆ ತಾಳುವುದಿಲ್ಲ. ಪರದೇಶದಲ್ಲಿ ಹುಣಸೆ ಮರ ಇರುತ್ತದೋ ಇಲ್ಲವೋ ಎಂದು ನನ್ನ ಹೆಂಡತಿ ಬೀಜ ಹುರಿದು, ಬೀಸಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ವಿಮಾನ ನಿಲ್ದಾಣದ ಅಧಿಕಾರಿ ಆ ಗಂಟು ಬಿಚ್ಚಿ, ಕಂದು ಪುಡಿಯನ್ನು ನೋಡಿ, ಕೈಗವಸು ಹಾಕಿಕೊಂಡ. ಇದರಲ್ಲಿ ವಿಷವೇನೂ ಇಲ್ಲ ಎಂದು ತೋರಿಸಲು ನಾನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಆತ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಬೀರಣ್ಣ, ಸುಮ್ಕೆ ನಿಂತ್ಕಳ್ರಿ. ಕೈ ಆಡಿಸಬ್ಯಾಡ್ರಿ," ಎಂದು ಸುಮಂಗಲಾ ಮೇಡಂ ಹಲ್ಲು ಕಚ್ಚಿಕೊಂಡು ಹೇಳಿದರು.

ಮೇಡಂ ನಮ್ಮ ಚಳ್ಳಕೆರೆಯವರೇ. ಕಂಬಳಿ ನೇಕಾರರಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ. ನೆಬ್ರಾಸ್ಕ ಎಂಬ ರಾಜ್ಯದ ಕುರಿ ಸಾಕುವವರು ತಮ್ಮ ಉಣ್ಣೆ ಸಂತೆಗೆ ಬೇರೆ ದೇಶದ ಒಬ್ಬ ನೇಕಾರನನ್ನು ಕಳಿಸಿಕೊಡಿ ಎಂದು ಆ ಸಂಸ್ಥೆಗೆ ಕಾಗದ ಬರೆದಿದ್ದರು. ನಮ್ಮಲ್ಲಿ ನನಗಿಂತ ಚೆನ್ನಾಗಿ ನೇಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡುವ ಚಪಲ ಇರುವವನು ನಾನೊಬ್ಬನೇ. ಹಾಗಾಗಿ ಪಾಸ್‌ಪೋರ್ಟು ನನಗಾಯಿತು, ಇಂಗ್ಲಿಷಿಗೆ ಮೇಡಂ ಜೊತೆಯಾದರು.

ಹೋಗಿ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ, ಅಲ್ಲಿ ಏನೇನು ನೋಡಿದೆ ಎಂದು. ಎತ್ತರದ ಕಟ್ಟಡ ನೋಡಲಿಲ್ಲ, ಸಮುದ್ರ ನೋಡಲಿಲ್ಲ. ಒಂದು ಶನಿವಾರ ಬೆಳಗ್ಗೆ ಕೆಲವು ಮುದುಕರು ಬೈಕಿನಿಂದ ಇಳಿದು ಸುಮ್ಮನೆ ನಿಂತದ್ದನ್ನು ನೋಡಿದೆ. ಅದನ್ನು ನೋಡಿದ ಮೇಲೆ ನನಗೆ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಆಗದಷ್ಟು ನಾಚಿಕೆಯಾಯಿತು. ಇದನ್ನು ಬರೆಯುತ್ತಿರುವುದು ಆ ನಾಚಿಕೆಯ ಕಾರಣಕ್ಕೇ.

ಡೇಲ್ ಅವರ ಮನೆ

ನಮ್ಮನ್ನು ಉಳಿಸಿಕೊಂಡವರು ಡೇಲ್ ಮತ್ತು ನಾನ್ಸಿ ಎಂಬ ದಂಪತಿ. ನಾನ್ಸಿಯಮ್ಮ ಕುರಿ ಸಾಕುತ್ತಾರೆ, ನೂಲುತ್ತಾರೆ. ಡೇಲ್ ಜೀವನವಿಡೀ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಹೊಟ್ಟೆಯವರೆಗೆ ಬಿಳಿ ಗಡ್ಡ. ನಮ್ಮ ಕಡೆ ಆಗಿದ್ದರೆ ಇಷ್ಟು ಹೊತ್ತಿಗೆ ಯಾವುದಾದರೂ ಮಠಕ್ಕೆ ಸ್ವಾಮಿಗಳಾಗಿರುತ್ತಿದ್ದರು.

ನನ್ನ ಹೆಸರು ಬೀರಪ್ಪ ಎಂದೆ. ಅವರಿಗೆ 'ಅಪ್ಪ' ಬಾಯಿಗೆ ಸಿಗಲಿಲ್ಲ, 'ಬೀರ್' ಮಾತ್ರ ಸಿಕ್ಕಿತು. ನಾನು ಹೆಸರು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಒಳಗೆ ಹೋಗಿ ತಣ್ಣನೆಯ ಬಾಟಲಿ ತಂದು ಮುಂದಿಡುತ್ತಿದ್ದರು. ನಾನು ಕುಡಿಯುವವನಲ್ಲ. ಮೂರನೆಯ ದಿನದ ಹೊತ್ತಿಗೆ ನನ್ನನ್ನು ಬಾಯಾರಿಕೆಯ ಮನುಷ್ಯ ಎಂದು ಆ ಊರೆಲ್ಲ ತೀರ್ಮಾನಿಸಿತ್ತು.

ಮನೆಯ ಹಿಂದೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಅದನ್ನು ನೋಡಿ ನನಗೆ ನಮ್ಮ ಕಡೆಯ ಹುಲ್ಲುಗಾವಲು ವರವು ಕಾವಲ್ ನೆನಪಾಯಿತು. ನಮ್ಮಪ್ಪ ಕುರಿ ಬಿಟ್ಟುಕೊಂಡು ಅಲ್ಲಿ ದಿನಗಟ್ಟಲೆ ಇರುತ್ತಿದ್ದ. ಈಗ ಅಲ್ಲಿ ಸರ್ಕಾರದ ಗೋಡೆ ಎದ್ದಿದೆ, ಗೇಟಿನಲ್ಲಿ ಕಾವಲಿನವರಿದ್ದಾರೆ, ಕುರಿಗಳಿಗೆ ಗೋಡೆಯ ಈಚೆಯ ಹುಲ್ಲು ಮಾತ್ರ. ಡೇಲ್ ಅವರ ಹುಲ್ಲಿಗೂ ಬೇಲಿ ಇತ್ತು. ಆದರೆ ಅದು ಕುರಿಗಳು ಹೊರಗೆ ಹೋಗದಿರಲಿ ಎಂದು ಹಾಕಿದ ಬೇಲಿ.

ಅವರ ಶೆಡ್ಡಿನಲ್ಲಿ ಒಂದು ಬೈಕ್ ಇತ್ತು. ಬೈಕ್ ಎಂದರೆ ನಮ್ಮ ಎರಡು ಬೈಕ್ ಒಟ್ಟಿಗೆ ಕಟ್ಟಿದಷ್ಟು ದಪ್ಪ. ಹಿಂದೆ ಬಾವುಟ ಸಿಗಿಸಲು ಒಂದು ಕೊಳವೆ. ಗೋಡೆಯ ಮೊಳೆಗೆ ಚರ್ಮದ ತೋಳಿಲ್ಲದ ಕೋಟು, ಅದರ ತುಂಬ ಬಟ್ಟೆಯ ಬಿಲ್ಲೆಗಳು. ಅದೇನು ಎಂದು ಕೇಳಿದೆ. ಡೇಲ್ ಹೇಳಿದ್ದನ್ನು ಮೇಡಂ ನಮ್ಮ ಭಾಷೆಗೆ ಇಳಿಸಿದರು.

"ಯಾವನಾದ್ರೂ ಸೈನಿಕ ಸತ್ರೆ, ಮಣ್ಣು ಮಾಡೋ ದಿನ ಇವ್ರೆಲ್ಲ ಬೈಕ್ ಹಾಕ್ಕೊಂಡು ಹೋಗ್ತಾರಂತೆ. ಬಾವುಟ ಹಿಡ್ಕೊಂಡು ನಿಂತ್ಕೊಂತಾರಂತೆ. ಯಾರೂ ಇವ್ರಿಗೆ ಸಂಬಳ ಕೊಡಲ್ಲ, ತಾವಾಗೇ ಮಾಡೋದು."

"ಇವ್ರೂ ಮಿಲಿಟ್ರಿಯಲ್ಲಿ ಇದ್ದೋರಾ?"

"ಇಲ್ವಂತೆ. ನಿಂತ್ಕೊಳ್ಳೋಕೆ ಏನು ವಿದ್ಯೆ ಬೇಕು ಅಂತಾರೆ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಇಷ್ಟು ದೂರ ಬಂದು ನನ್ನಂಥವನೇ ಒಬ್ಬ ಸಿಕ್ಕಿದನಲ್ಲ ಎಂದುಕೊಂಡೆ. ಯಾಕೆಂದರೆ ಚಳ್ಳಕೆರೆಯಲ್ಲಿ ನಮ್ಮದೂ ಒಂದು ಬೈಕ್ ಬಳಗ ಇದೆ. ರಾಜ್ಯೋತ್ಸವ ಇರಲಿ, ಯಾರಾದರೂ ಮುಖಂಡರು ಊರಿಗೆ ಬರಲಿ, ಕ್ರಿಕೆಟ್ಟಿನಲ್ಲಿ ಗೆಲ್ಲಲಿ, ಮೆರವಣಿಗೆಯ ಮುಂದೆ ನಮ್ಮ ಬೈಕುಗಳು. ಅವುಗಳ ಮುಂದೆ ನನ್ನ ಬುಲೆಟ್. ಫೋನ್ ತೆಗೆದು ಡೇಲ್ ಅವರಿಗೆ ಒಂದು ಫೋಟೋ ತೋರಿಸಿದೆ. ಹೂವಿನಿಂದ ಮುಚ್ಚಿಹೋದ ಮಿಲಿಟರಿ ಗಾಡಿ, ಅದರ ಮುಂದೆ ಸಾಲುಸಾಲು ಬೈಕ್, ಎಲ್ಲರ ಮುಂದೆ ಒಂದು ಕೈ ಮೇಲೆತ್ತಿ ಬಾಯಿ ತೆರೆದಿರುವ ನಾನು. "ನಮ್ಮೂರಿನ ಯೋಧ," ಎಂದೆ. "ನನ್ನನ್ನು ಮಾವ ಅಂತಿದ್ದ. ಮೆರವಣಿಗೆ ಪೂರ್ತಿ ನಂದೇ ಉಸ್ತುವಾರಿ."

ಡೇಲ್ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಮನೆಯವ್ರು ಕರೆದಿದ್ರಾ ಅಂತ ಕೇಳ್ತಾ ಇದಾರೆ," ಎಂದರು ಮೇಡಂ.

ನನಗೆ ನಗು ಬಂತು. ನಮ್ಮಲ್ಲಿ ಮದುವೆಗೆ ಕರೆಯುತ್ತಾರೆ, ಗೃಹಪ್ರವೇಶಕ್ಕೆ ಕರೆಯುತ್ತಾರೆ. ಸಾವಿನ ಮನೆಗೆ ಯಾರಾದರೂ ಕರೆಯುತ್ತಾರೆಯೇ? ಸುದ್ದಿ ಮುಟ್ಟಿಸುತ್ತಾರೆ, ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಕರೆಯಲಿ ಎಂದು ಕಾದು ಕುಳಿತವನನ್ನು ಊರು ಮನುಷ್ಯ ಎನ್ನುವುದಿಲ್ಲ. ಇದನ್ನೆಲ್ಲ ವಿವರಿಸಿ, ಸಾವಿಗೂ ಲಗ್ನಪತ್ರಿಕೆ ಹಂಚಬೇಕೇನು ನಿಮ್ಮಲ್ಲಿ ಎಂದು ತಮಾಷೆ ಮಾಡಿದೆ.

ಡೇಲ್ ನಗಲಿಲ್ಲ. ಮನೆಯವರು ಕೇಳಿಕೊಳ್ಳದೆ ತಾವು ಯಾವ ಸೈನಿಕನ ಮಣ್ಣಿಗೂ ಹೋಗುವುದಿಲ್ಲ, ಅದು ತಮ್ಮ ಮೊದಲ ನಿಯಮ, ಎರಡನೆಯ ನಿಯಮವೇ ಇಲ್ಲ ಎಂದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟರು.

ಅವರಿಗೆ ಹೇಳದೆ ಉಳಿಸಿಕೊಂಡದ್ದು

ಆ ಫೋಟೋದ ಹಿಂದಿನದನ್ನು ನಾನು ಅವರಿಗೆ ಹೇಳಲಿಲ್ಲ. ಓದುವವರಿಗೆ ಹೇಳಿಬಿಡುತ್ತೇನೆ.

ಸತ್ತವನ ಹೆಸರು ಬೋರೇಶ. ಹಿಮದಲ್ಲಿ ಸಿಕ್ಕಿಕೊಂಡು ಹೋದ ಹುಡುಗ. ತಾಯಿ ಪಾಲಮ್ಮ ನನಗೆ ಒಡಹುಟ್ಟಿದವಳಲ್ಲ, ಒಂದೇ ಹಟ್ಟಿಯವಳು. ಚಿಕ್ಕಂದಿನಿಂದ ನಾನು ಪಾಲಕ್ಕ ಎನ್ನುತ್ತೇನೆ. ಗಂಡ ಬೇಗ ಹೋದ. ಕೂಲಿನಾಲಿ ಮಾಡಿ ಮಗನನ್ನು ಬೆಳೆಸಿದಳು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಟ್ಟಿಗೆ ಒಂದು ಕ್ರಾಸ್ ಇದೆ, ಅಲ್ಲಿಂದ ಒಳಗೆ ಸ್ವಲ್ಪ ದೂರ ನಡೆದರೆ ಅವಳ ಮನೆ. ನಾನು ಚಳ್ಳಕೆರೆಗೆ ಬಂದು ನೆಲೆಸಿದ್ದರೂ ಸಂತೆಗೆ ಕಂಬಳಿ ಹೇರಿಕೊಂಡು ಹೋಗುವಾಗೆಲ್ಲ ಅವಳ ಮನೆಯ ಮಜ್ಜಿಗೆ ಕುಡಿಯದೆ ಮುಂದೆ ಹೋದದ್ದಿಲ್ಲ.

ಬೋರೇಶನ ಶವದ ಪೆಟ್ಟಿಗೆ ಮಿಲಿಟರಿ ಗಾಡಿಯಲ್ಲಿ ಬೆಂಗಳೂರಿನಿಂದ ಬಂತು. ಚಳ್ಳಕೆರೆಯಲ್ಲಿ ನಮ್ಮ ಬಳಗ ಗಾಡಿಯ ಮುಂದೆ ಸೇರಿಕೊಂಡಿತು. ಕೆಲವರು ಶಬ್ದ ಜೋರಾಗಿ ಬರಲಿ ಎಂದು ಸೈಲೆನ್ಸರ್ ಬಿಚ್ಚಿಕೊಂಡೇ ಬಂದಿದ್ದರು. ಗಾಡಿ ಕ್ರಾಸಿನಲ್ಲಿ ತಿರುಗಿ ನೇರ ಮನೆಗೆ ಹೋಗಬೇಕು ಎಂಬುದು ಮೊದಲು ಆಗಿದ್ದ ಮಾತು. ಆದರೆ ಮೊಳಕಾಲ್ಮೂರಿನಲ್ಲಿ ಜನ ಸೇರಿದ್ದರು, ಮೈಕ್ ಕಟ್ಟಿದ್ದರು, ಹೂವು ಬುಟ್ಟಿಗಟ್ಟಲೆ ಬಂದಿತ್ತು. ಮೊದಲು ಮೊಳಕಾಲ್ಮೂರಿಗೆ ಹೋಗಿ ಮೆರವಣಿಗೆ ಮುಗಿಸಿಕೊಂಡು ಆಮೇಲೆ ಹಟ್ಟಿಗೆ ಬರೋಣ ಎಂದು ಯಾರೋ ಒಬ್ಬ ಹೇಳಿದ. ಆ ಯಾರೋ ಒಬ್ಬ ನಾನೇ.

ಕ್ರಾಸಿನಲ್ಲಿ ಪಾಲಕ್ಕ ಹೆಂಗಸರ ಜೊತೆ ನಿಂತಿದ್ದಳು. ಬೈಕುಗಳು ತಿರುಗದೆ ನೇರ ಹೋಗುವುದನ್ನು ಕಂಡು ರಸ್ತೆಗೆ ಬಂದುಬಿಟ್ಟಳು. ನಾನು ಬ್ರೇಕ್ ಹಾಕಿದೆ.

"ಬೀರ, ಮೊದ್ಲು ಮನೆಗೆ ತಾರೋ," ಎಂದಳು.

"ಅಕ್ಕ, ಸ್ವಲ್ಪ ಹಿಂದಕ್ಕೆ ಸರಿಯಕ್ಕ. ಒಂದೈದು ನಿಮಿಷ. ಊರಾಗೆ ಒಂದು ಸುತ್ತು ಹಾಕ್ಕೊಂಡು ಈಗ ಬಂದೆ," ಎಂದೆ. ಕೈ ಬೀಸಿ ಹಿಂದಿನವರಿಗೆ ದಾರಿ ಮಾಡಿಕೊಟ್ಟೆ.

ಐದು ನಿಮಿಷ ಮೂರು ತಾಸಾಯಿತು. ಭಾಷಣ ಮಾಡುವವರು ಒಬ್ಬರ ಹಿಂದೆ ಒಬ್ಬರು ಇದ್ದರು, ಅವರಲ್ಲಿ ನಾನೂ ಒಬ್ಬ. ಹಟ್ಟಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕು ಎಂದು ಮಿಲಿಟರಿಯವರು ಅವಸರ ಮಾಡಿದರು. ಪೆಟ್ಟಿಗೆಯನ್ನು ಅಂಗಳದಲ್ಲಿ ಇಟ್ಟದ್ದೇ ತಡ ಜನ ಮುಗಿಬಿದ್ದರು, ನಮ್ಮ ಹುಡುಗರು ಗೋಡೆ ಹತ್ತಿ ವಿಡಿಯೋ ಮಾಡಿದರು. ಆ ನೂಕಾಟದಲ್ಲಿ ಪಾಲಕ್ಕ ಎಲ್ಲಿದ್ದಳು ಎಂದು ನನಗೆ ಗೊತ್ತಿಲ್ಲ. ಆಗ ನಾನು ಬೈಕ್ ನಿಲ್ಲಿಸಲು ನೆರಳು ಹುಡುಕುತ್ತಿದ್ದೆ.

ಅಂದಿನಿಂದ ನಾನು ಆ ಕ್ರಾಸಿನಲ್ಲಿ ಇಳಿದಿರಲಿಲ್ಲ. ಸಂತೆಗೆ ಸುತ್ತುಬಳಸಿನ ಬೇರೆ ದಾರಿ ಹಿಡಿದೆ. ಕೇಳಿದವರಿಗೆ ಆ ಕಡೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದೆ.

ಉಣ್ಣೆ ಸಂತೆ

ಸಂತೆ ಚೆನ್ನಾಗಿಯೇ ನಡೆಯಿತು. ಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು, ಕಾಲು ಅದರೊಳಗೆ ಇಳಿಬಿಡಬೇಕು ಎಂದಾಗ ಅಲ್ಲಿಯವರು ಹುಲ್ಲು ಕೆಡುತ್ತದೆ ಎಂದು ಗಾಬರಿಯಾದರು. ಕೊನೆಗೆ ಎರಡು ಮೇಜು ಜೋಡಿಸಿ, ನಡುವಿನ ಸಂದಿಯಲ್ಲಿ ನನ್ನ ಕಾಲು ಇಳಿಬಿಟ್ಟು ಕೂರಿಸಿದರು. ಹುಣಸೆ ಗಂಟು ವಿಮಾನ ನಿಲ್ದಾಣದಲ್ಲೇ ಉಳಿದುಹೋಗಿತ್ತಲ್ಲ, ಅದರ ಬದಲು ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಾಯಿಸಿಕೊಟ್ಟರು. ಅದು ನೂಲಿಗೆ ಹಿಡಿಯಲಿಲ್ಲ, ನನ್ನ ಅಂಗೈಗೆ ಮಾತ್ರ ಚೆನ್ನಾಗಿ ಹಿಡಿಯಿತು.

ಅವರ ಉಣ್ಣೆ ಬೆಣ್ಣೆಯಂತೆ ಮೆತ್ತಗೆ. ನಮ್ಮ ಕರಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹೆಂಗಸು ಕತ್ತು ಕೆರೆದುಕೊಂಡು, ಇದನ್ನು ಹೊದ್ದು ಮಲಗುತ್ತೀರಾ ಎಂದು ಕೇಳಿದಳು. ಹೊದೆಯುತ್ತೇವೆ, ಹಾಸುತ್ತೇವೆ, ದೇವರನ್ನೂ ಇದರ ಮೇಲೆಯೇ ಕೂರಿಸುತ್ತೇವೆ ಎಂದೆ. ದೇವರಿಗೆ ಕೆರೆತ ಬರುವುದಿಲ್ಲವೇ ಎಂದು ಅವಳು ಕೇಳಿದಳೋ, ಮೇಡಂ ತಾವೇ ಸೇರಿಸಿದರೋ ತಿಳಿಯದು.

ಶುಕ್ರವಾರ ಮಧ್ಯಾಹ್ನ ಡೇಲ್ ಅವರ ಫೋನ್ ಬಡಿದುಕೊಂಡಿತು. ಅವರು ಗುಂಪಿನಿಂದ ದೂರ ಹೋಗಿ, ಒಂದು ಕಾಗದದ ಮೇಲೆ ಬರೆದುಕೊಳ್ಳುತ್ತಾ ಮಾತಾಡಿದರು. ಹತ್ತಿರದ ಒಂದು ಸಣ್ಣ ಊರಿನ ಸೈನಿಕರೊಬ್ಬರು ತರಬೇತಿಯ ವೇಳೆ ಗಾಡಿ ಮಗುಚಿ ಸತ್ತದ್ದು, ಮನೆಯವರು ಇವರನ್ನು ಕರೆದಿರುವುದು ಆಮೇಲೆ ತಿಳಿಯಿತು. ಆ ಕಾಗದವನ್ನು ನಾನು ಮೇಡಂ ಕೈಲಿ ಓದಿಸಿದೆ. ಬೈಕಿನ ಶಬ್ದ ಇರಬಹುದೇ ಬೇಡವೇ. ಎಲ್ಲಿ ನಿಲ್ಲಬೇಕು, ಎಷ್ಟು ದೂರ. ಯಾರಾದರೂ ಹುಷಾರಿಲ್ಲದವರು ಇದ್ದಾರೆಯೇ. ಯಾವಾಗ ಹೊರಟುಹೋಗಬೇಕು. ಇಷ್ಟೂ ಮನೆಯವರಿಗೆ ಕೇಳಿದ ಪ್ರಶ್ನೆಗಳು.

"ಅಜ್ಜಿಗೆ ಬೈಕ್ ಸೌಂಡ್ ಆಗಲ್ವಂತೆ, ಎದೆ ಹೊಡ್ಕೊಳ್ತದಂತೆ. ಇಂಜಿನ್ ಆಫ್ ಅಂತ ಬರ್ಕೊಂಡಿದಾರೆ," ಎಂದರು ಮೇಡಂ.

ಇಂಜಿನ್ ಆಫ್ ಮಾಡಿ ಬೈಕ್ ಮೆರವಣಿಗೆ ಮಾಡುವುದು ಹೇಗೆ ಎಂದು ನಾನು ಯೋಚಿಸುತ್ತಾ ಉಳಿದೆ. ನೀವೂ ಬನ್ನಿ ಎಂದು ಡೇಲ್ ಹೇಳಿದರು. ಅತಿಥಿಯನ್ನು ಕರೆತರಬಹುದೇ ಎಂದು ಆ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದರು.

ಇಳಿಜಾರು

ಶನಿವಾರ ಬೆಳಗ್ಗೆ ನಾನು ಡೇಲ್ ಅವರ ಹಿಂದೆ ಕುಳಿತೆ. ಮೇಡಂ ನಾನ್ಸಿಯಮ್ಮನ ಕಾರಿನಲ್ಲಿ ಹಿಂದೆ ಬಂದರು. ಬೇರೆ ಬೇರೆ ಊರಿನ ಬೈಕುಗಳು ಒಂದು ಪೆಟ್ರೋಲ್ ಬಂಕಿನಲ್ಲಿ ಸೇರಿದವು. ಹೆಚ್ಚಿನವರು ಮುದುಕರು, ನಡುವೆ ನಾಲ್ಕಾರು ಹೆಂಗಸರು. ಒಬ್ಬನಿಗೆ ಮಂಡಿ ಬಗ್ಗುತ್ತಿರಲಿಲ್ಲ, ಬೈಕ್ ಹತ್ತಿಸಲು ಇಬ್ಬರು ಬೇಕಿತ್ತು. ಡೇಲ್ ಎಲ್ಲರಿಗೂ ಎರಡು ನಿಮಿಷ ಸೂಚನೆ ಕೊಟ್ಟರು. ಮಾತಿಲ್ಲ, ಸಿಗರೇಟಿಲ್ಲ, ಫೋಟೋ ಇಲ್ಲ, ಫೋನ್ ಬೈಕಿನ ಚೀಲದಲ್ಲಿರಲಿ. ಮನೆಯವರು ಬಂದು ಮಾತಾಡಿಸಿದರೆ ಮಾತಾಡಿ, ನೀವಾಗಿ ಹತ್ತಿರ ಹೋಗಬೇಡಿ. ನನ್ನ ಫೋನನ್ನೂ ಚೀಲಕ್ಕೆ ಹಾಕಿಸಿಕೊಂಡರು. ಹೋಗಿ ಬಂದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಬೇಸರವಾಯಿತು. ಈಗ ನೆನೆದರೆ ಆ ಬೇಸರಕ್ಕೂ ನಾಚಿಕೆಯಾಗುತ್ತದೆ.

ಚರ್ಚ್ ಇದ್ದದ್ದು ಒಂದು ದಿಣ್ಣೆಯ ಕೆಳಗೆ. ದಿಣ್ಣೆಯ ನೆತ್ತಿಗೆ ಬಂದಾಗ ಡೇಲ್ ಕೈ ಎತ್ತಿದರು. ಎಲ್ಲ ಇಂಜಿನ್‌ಗಳೂ ಒಂದೊಂದಾಗಿ ನಿಂತವು. ಅಷ್ಟು ದೊಡ್ಡ ಬೈಕುಗಳು ಸದ್ದಿಲ್ಲದೆ, ಬರೀ ಚಕ್ರದ ಮೇಲೆ, ಇಳಿಜಾರಿನಲ್ಲಿ ಉರುಳಿಕೊಂಡು ಕೆಳಗೆ ಬಂದವು. ಬಾವುಟಗಳು ಗಾಳಿಗೆ ಪಟಪಟ ಅನ್ನುವುದು ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಸೈಲೆನ್ಸರ್ ಬಿಚ್ಚಿದ ನಮ್ಮ ಬೈಕುಗಳು ನನ್ನ ತಲೆಯೊಳಗೆ ಗುಡುಗಿದವು.

ಚರ್ಚಿನ ಬಾಗಿಲಿನಿಂದ ರಸ್ತೆಯವರೆಗೆ ಎರಡೂ ಕಡೆ ಸಾಲಾಗಿ ನಿಂತೆವು. ನನ್ನ ಕೈಗೂ ಒಂದು ಬಾವುಟ ಕೊಟ್ಟರು. ಬಾಗಿಲಲ್ಲಿ ಇಟ್ಟಿದ್ದ ಫೋಟೋ ನೋಡಿದಾಗ ಗೊತ್ತಾಯಿತು, ಸತ್ತಿರುವುದು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಸೈನಿಕ ಎಂದಾಗ ನಾನು ಗಂಡುಹುಡುಗ ಎಂದೇ ತಿಳಿದಿದ್ದೆ.

ಹತ್ತಕ್ಕೆ ಪೆಟ್ಟಿಗೆ ಹೊರಗೆ ಬರಬೇಕಿತ್ತು. ಬರಲಿಲ್ಲ. ಒಬ್ಬ ಪಾದ್ರಿ ಬಂದು ಡೇಲ್ ಕಿವಿಯಲ್ಲಿ ಏನೋ ಹೇಳಿ ಹೋದರು. ತಾಯಿ ಇನ್ನೂ ಸ್ವಲ್ಪ ಹೊತ್ತು ಮಗಳ ಜೊತೆ ಕೂರಬೇಕು ಎನ್ನುತ್ತಿದ್ದಾಳೆ, ಒಳಗೆ ಬೇರೆ ಯಾರೂ ಬೇಡ ಎಂದಿದ್ದಾಳೆ ಎಂದು ಸಾಲಿನಲ್ಲಿ ಬಾಯಿಂದ ಬಾಯಿಗೆ ಬಂದ ಸುದ್ದಿಯನ್ನು ಮೇಡಂ ನನ್ನ ಕಿವಿಗೆ ಹಾಕಿ ಕಾರಿನ ಹತ್ತಿರ ಹೋದರು. ಯಾರೂ ಗಡಿಯಾರ ನೋಡಲಿಲ್ಲ. ಚಳಿಗಾಳಿ ಬೀಸುತ್ತಿತ್ತು. ಮಂಡಿ ಬಗ್ಗದ ಆ ಮುದುಕ ನನ್ನ ಎದುರಿಗೇ ಇದ್ದ, ಅವನ ಕಾಲು ನಡುಗುತ್ತಿತ್ತು, ಕುರ್ಚಿ ತಂದರೂ ಕೂರಲಿಲ್ಲ. ಒಬ್ಬ ತಾಯಿಗೆ ಸಾಕಾಗಲಿ ಎಂದು ಅಷ್ಟೂ ಜನ ಎರಡು ತಾಸು ನಿಂತರು. ಕ್ರಾಸಿನಲ್ಲಿ ಪಾಲಕ್ಕ ಬಿಸಿಲಲ್ಲಿ ನಿಂತದ್ದು ನಮಗೆಲ್ಲ ಮೆರವಣಿಗೆ ಸಾಕಾಗಲಿ ಎಂದು.

ಕೊನೆಗೆ ಬಾಗಿಲು ತೆರೆಯಿತು. ಆರು ಸೈನಿಕರು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದರು. ಅವರ ಬೂಟಿನ ಸದ್ದು ಮಾತ್ರ ಕೇಳುತ್ತಿತ್ತು. ಆಗ ನನ್ನ ಗಂಟಲು ನನ್ನ ಮಾತು ಕೇಳಲಿಲ್ಲ. ಎಷ್ಟೋ ಮೆರವಣಿಗೆಗಳ ಅಭ್ಯಾಸ ಅದು. ಬಲಗೈ ತಾನಾಗಿ ಮೇಲೆದ್ದಿತು.

"ಅಮರ್ ರಹೇ!" ಎಂದು ಕೂಗಿಬಿಟ್ಟೆ.

ನಮ್ಮಲ್ಲಿ ಹೀಗೆ ಒಬ್ಬ ಕೂಗಿದರೆ ಸಾವಿರ ಗಂಟಲು ತಿರುಗಿ ಕೂಗುತ್ತವೆ. ಆ ಉತ್ತರವಿಲ್ಲದೆ ಕೂಗು ಮುಗಿಯುವುದಿಲ್ಲ. ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ನನ್ನ ದನಿ ಚರ್ಚಿನ ಗೋಡೆಗೆ ಬಡಿದು ನನ್ನ ಹತ್ತಿರವೇ ವಾಪಸು ಬಂತು. ಪೆಟ್ಟಿಗೆ ಹೊತ್ತವರ ಹೆಜ್ಜೆ ತಪ್ಪಲಿಲ್ಲ. ಆದರೆ ಅದರ ಹಿಂದೆ ಬರುತ್ತಿದ್ದ ತಾಯಿ ತಲೆಯೆತ್ತಿ ನನ್ನನ್ನು ನೋಡಿದಳು. ಭೂಮಿ ಬಾಯ್ಬಿಡಬಾರದೇ ಎನಿಸಿತು. ಯಾರೂ ನನ್ನನ್ನು ಗದರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ವಾಲಿದ ಬಾವುಟವನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು.

ಪೆಟ್ಟಿಗೆ ಗಾಡಿಗೆ ಹೋದ ಮೇಲೆ ಆ ತಾಯಿ ಸಾಲಿನ ಉದ್ದಕ್ಕೂ ಬಂದು ಒಬ್ಬೊಬ್ಬರ ಕೈ ಹಿಡಿದು ಮುಂದೆ ಸಾಗಿದಳು. ನನ್ನ ಮುಂದೆ ನಿಂತಳು. ಕಾರಿನ ಹತ್ತಿರವಿದ್ದ ಮೇಡಂ ಓಡಿ ಬಂದರು.

"ಏನು ಕೂಗಿದ್ರಿ ಅಂತ ಕೇಳ್ತಿದಾರೆ ಬೀರಣ್ಣ."

"ಸಾವಿಲ್ದಂಗೆ ಇರ್ಲಿ ಅಂದೆ. ತಪ್ಪಾಯ್ತು ಅಂತ ಹೇಳ್ರಿ ಮೇಡಂ."

ಅದಕ್ಕೆ ಆ ತಾಯಿ ಹೇಳಿದ್ದನ್ನು ಮೇಡಂ ನಿಧಾನವಾಗಿ ಹೇಳಿದರು. "ಮಗಳ ಹೆಸರು ಎಮಿಲಿ ಅಂತೆ. ನೀವು ಹೆಸರು ಕೇಳ್ಕೊಂಡಿದ್ರೆ ಹೆಸರು ಹಿಡಿದು ಕೂಗಬೋದಿತ್ತು ಅಂತಾರೆ. ಅವಳಿಗೆ ಗಲಾಟೆ ಅಂದ್ರೆ ಆಗ್ತಿರ್ಲಿಲ್ವಂತೆ, ಆದ್ರೂ ಅಷ್ಟು ದೂರದಿಂದ ಬಂದೀರಿ, ಬೇಜಾರಿಲ್ಲ ಅಂತಾರೆ."

ನನ್ನ ಕೈಯನ್ನು ಒಮ್ಮೆ ಒತ್ತಿ ಮುಂದಕ್ಕೆ ಹೋದಳು. ಎರಡು ತಾಸು ಅವಳ ಮಗಳಿಗಾಗಿ ನಿಂತಿದ್ದ ನನಗೆ ಆ ಹುಡುಗಿಯ ಹೆಸರೂ ಗೊತ್ತಿರಲಿಲ್ಲ. ಮನೆಯವರ ಗಾಡಿ ಹೊರಟ ಮೇಲೆ, ಡೇಲ್ ಮತ್ತು ಗೆಳೆಯರು ಒಂದೊಂದಕ್ಕೂ ನಾಲ್ಕು ಜನ ಕೈಹಚ್ಚಿ ಬೈಕುಗಳನ್ನು ದಿಣ್ಣೆಯ ಆಚೆಯವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಚಾಲೂ ಮಾಡಿದರು. ಅಜ್ಜಿ ಇನ್ನೂ ಚರ್ಚಿನೊಳಗೇ ಇದ್ದಳು.

ಕಾಫಿ ಅಂಗಡಿ

ವಾಪಸು ಬರುವಾಗ ರಸ್ತೆ ಬದಿಯ ಒಂದು ಅಂಗಡಿಯಲ್ಲಿ ನಿಲ್ಲಿಸಿದರು. ಅಮೆರಿಕದ ಕಾಫಿ ಎಂದರೆ ನಮ್ಮ ಮನೆಯಲ್ಲಿ ಡಿಕಾಕ್ಷನ್ ಪಾತ್ರೆ ತೊಳೆದ ನೀರು. ಅದನ್ನು ಚೊಂಬಿನಷ್ಟು ದೊಡ್ಡ ಕಪ್ಪಿನಲ್ಲಿ ತಂದಿಟ್ಟು, ಅರ್ಧ ಕುಡಿಯುವಷ್ಟರಲ್ಲಿ ಮತ್ತೆ ತುಂಬಿಸುತ್ತಾರೆ. ನಾನು ಎರಡು ಸಲ ಬೇಡ ಎಂದೆ, ಎರಡು ಸಲವೂ ತುಂಬಿಸಿದರು.

ಮೇಡಂ ಎದುರು ಕುಳಿತಿದ್ದರು. ಅವರಿಗೆ ಎಲ್ಲ ಹೇಳಿದೆ. ಕ್ರಾಸು, ಐದು ನಿಮಿಷ, ಮೂರು ತಾಸು, ನೆರಳು. ಡೇಲ್ ಅವರಿಗೂ ಹೇಳಿ ಎಂದೆ. ಅವರು ಬೆನ್ನು ತಟ್ಟುತ್ತಾರೆ, ಹೋಗಲಿ ಬಿಡು ಎನ್ನುತ್ತಾರೆ ಎಂಬ ಆಸೆ ನನಗಿತ್ತು. ಪರದೇಶದವರ ಕ್ಷಮೆ ಸುಲಭ, ವಿಮಾನ ಹತ್ತಿದರೆ ಮರೆಯಬಹುದು.

ಮೇಡಂ ಅನುವಾದ ಮಾಡಲಿಲ್ಲ. ಕಪ್ಪನ್ನು ಸುತ್ತಲೂ ತಿರುಗಿಸುತ್ತಾ ಕುಳಿತಿದ್ದರು.

"ಅವತ್ತು ನಾನೂ ಚಳ್ಳಕೆರೆ ಸರ್ಕಲ್‌ನಲ್ಲಿ ನಿಂತು ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೆ ಬೀರಣ್ಣ," ಎಂದರು. "ಇವ್ರಿಗೆ ಹೇಳಿ ಏನಾಗಬೇಕು? ಹೇಳಬೇಕಾದವ್ರು ಇಲ್ಲಿಲ್ಲ."

ಡೇಲ್ ಬಂದು ಬೀರ್ ಬೇಕೇ ಎಂದು ಕೇಳಿದರು, ಪಾಪ, ನನ್ನ ಮುಖ ನೋಡಿ.

ಹಟ್ಟಿ ಕ್ರಾಸ್

ಊರಿಗೆ ಬಂದ ವಾರದಲ್ಲಿ ಮೊಳಕಾಲ್ಮೂರು ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದೆ. ಬೈಕ್ ಮುಟ್ಟಲು ಮನಸ್ಸಾಗಲಿಲ್ಲ. ರಸ್ತೆ ಚೆನ್ನಾಗಿಯೇ ಇತ್ತು.

ಪಾಲಕ್ಕ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಾ ಕುಳಿತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬಾರೋ ಬೀರ. ಅಮೇರಿಕಕ್ಕೆ ಹೋಗಿದ್ಯಂತೆ. ಅಲ್ಲೀತಂಕ ಹೋದೋನಿಗೆ ಇಲ್ಲೀತಂಕ ಬರಾಕೆ ಇಷ್ಟು ದಿನ ಬೇಕಾಯ್ತಾ?"

ನಾನು ಜಗಲಿಯ ಕೆಳಗೆ ಕುಳಿತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಅಕ್ಕ, ಅವತ್ತು ಕ್ರಾಸಿನಾಗೆ ನೀನು ಹೇಳಿದ್ದು ನಾನು ಕೇಳಬೇಕಿತ್ತು. ನಿನ್ನ ಮಗನ್ನ ನಿನ್ನ ಹತ್ರ ಬಿಡಲಿಲ್ಲ ನಾನು. ತಪ್ಪು ಮಾಡಿದೆ ಅಕ್ಕ," ಎಂದೆ. ಅತ್ತುಬಿಟ್ಟೆ. ಐವತ್ತು ದಾಟಿದ ಗಂಡಸು ಹಾಡಹಗಲು ಬೀದಿಯಲ್ಲಿ ಅಳುವುದನ್ನು ಎದುರು ಮನೆಯವರು ನೋಡುತ್ತಿದ್ದರು.

ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಅಳು ನಿಲ್ಲುವವರೆಗೆ ಕಾದಳು.

"ಅದು ಬಿಡು," ಎಂದಳು. "ನಿನ್ನ ಒಂದು ಮಾತು ಕೇಳಬೇಕು ಅಂತ ಅವತ್ತಿಂದ ಕಾಯ್ತಾ ಇದೀನಿ. ನೀನು ಈ ಕಡೆ ಬರಲೇ ಇಲ್ಲ."

"ಕೇಳಕ್ಕ."

"ಆ ಪೆಟ್ಟಿಗೆಗೆ ಮುಖದ ಹತ್ರ ಗ್ಲಾಸ್ ಇತ್ತು ನೋಡು. ಮನೆಗೆ ಬರೋ ಹೊತ್ತಿಗೆ ಗ್ಲಾಸಿನ ತುಂಬ ಹೂವ ಮೆತ್ಕೊಂಡಿತ್ತು. ಕೈ ಹಾಕಿ ಸರಿಸಾಕೆ ಹೋದೆ, ಜನ ಎಳೆದುಬಿಟ್ರು. ಒಂದೀಟು ಗಲ್ಲ ಕಾಣಿಸ್ತು, ಅಷ್ಟೇಯ. ನೀನು ಚಳ್ಳಕೆರೆಯಿಂದ ಅವನ ಜೊತೆಗೇ ಇದ್ಯಲ್ಲ. ಹೂವ ಬೀಳಾಕೆ ಮುಂಚೆ ನೋಡಿರ್ತೀಯ. ಹೆಂಗಿದ್ದ ಹೇಳೋ. ನೋವು ತಿಂದಂಗೆ ಇತ್ತಾ ಮುಖ? ನಿದ್ದೆ ಮಾಡಿದಂಗೆ ಇತ್ತಾ?"

ನಿದ್ದೆ ಮಾಡಿದಂಗೆ ಇತ್ತಕ್ಕ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ, ಮೊಳಕಾಲ್ಮೂರಿನಿಂದ ಹಟ್ಟಿಗೆ, ಅಷ್ಟೂ ದಾರಿ ನಾನು 'ಬೋರೇಶ್ ಅಮರ್ ರಹೇ' ಎಂದು ಗಂಟಲು ಹರಿಯುವಂತೆ ಕೂಗಿದ್ದೆ. ಅವನಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂಗಿದ್ದೆ. ಒಂದು ಸಲವೂ ಗಾಡಿಯ ಹತ್ತಿರ ಹೋಗಿರಲಿಲ್ಲ.

"ನಾನು ನೋಡಲಿಲ್ಲ ಅಕ್ಕ," ಎಂದೆ. "ಮುಂದೆ ಇದ್ದೆ."

ಪಾಲಕ್ಕ ಕೈಯಲ್ಲಿದ್ದ ಶೇಂಗಾ ಕಾಯನ್ನು ಸುಲಿಯದೆ ಮೊರದೊಳಗೆ ಹಾಕಿದಳು.

"ಅಷ್ಟು ಜನ ಇದ್ರಲ್ಲೋ ಬೀರ. ಒಬ್ರೂ ನೋಡ್ಲಿಲ್ವಾ ನನ್ನ ಮಗನ್ನ?"